ಹಿಂದಿನ ನೆರಿಗೆ

ನಮ್ಮ ಸೀರೆಯ ನೆರಿಗೆ ಬೆನ್ನ ಹಿಂದೆ.
ಯಾಕೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕತೆ ಹೇಳುತ್ತಾರೆ.
ನನಗೆ ಗೊತ್ತಿರುವುದು ಇಷ್ಟೇ:
ಅರವತ್ತೊಂದರ ಚಳಿಗಾಲದಲ್ಲಿ
ನನ್ನ ಬಲಗೈ ಅಲ್ಲಿಗೆ ಹೋಗಲಿಲ್ಲ.

ಸೊಂಟದವರೆಗೆ ಬಂತು, ನಿಂತಿತು,
ಸಿದ್ದಾಪುರದ ಬಸ್ಸು ಆನೆ ಕಂಡು ನಿಂತ ಹಾಗೆ.
ಹಾರ್ನ್ ಹೊಡೆದರೂ ಇಲ್ಲ, ಬೈದರೂ ಇಲ್ಲ.
ನಾದಿನಿಯ ಮಗನ ಮದುವೆಗೆ
ಹದಿನೆಂಟರ ಹುಡುಗಿಯೊಬ್ಬಳು ನನ್ನ ಹಿಂದೆ ನಿಂತು
ಪಿನ್ನು ತುಟಿಯಲ್ಲಿ ಕಚ್ಚಿಕೊಂಡು
"ಅಲುಗಾಡಬೇಡಿ ಆಂಟಿ" ಅಂದಳು.
ಅಲುಗಾಡಲಿಲ್ಲ.
ಅದೇ ತಪ್ಪಾದದ್ದು ಅಂತ ಆಮೇಲೆ ತಿಳಿಯಿತು.

ಮಡಿಕೇರಿಯ ಫಿಸಿಯೋ, ಎಳೆ ಮೀಸೆಯವನು,
ಹಾಳೆ ತುಂಬ ಗೊಂಬೆ ಬರೆದುಕೊಟ್ಟ.
ಗೋಡೆಯ ಮೇಲೆ ಬೆರಳು ನಡೆಸಬೇಕು, ದಿನಕ್ಕೊಂದಿಷ್ಟು ಮೇಲೆ.
ಮಕ್ಕಳ ಎತ್ತರಕ್ಕೆ ಇದ್ದಿಲಿನ ಗೆರೆ ಎಳೆದಿದ್ದ
ಅದೇ ಅಡುಗೆಮನೆ ಗೋಡೆ.
ಐದು ವರ್ಷದ ಬಿದ್ದಪ್ಪನನ್ನು ದಾಟಲು ಹದಿನೇಳು ದಿನ;
ಹತ್ತರ ಬೊಳ್ಳಮ್ಮನನ್ನು ದಾಟುವಷ್ಟರಲ್ಲಿ
ತೋಟದ ಕೊಯ್ಲೇ ಮುಗಿದಿತ್ತು.

ಬೆಳಿಗ್ಗೆ ಐದೂವರೆಗೆ ನಡೆಯಿರಿ ಎಂದು ಬರೆದವನು
ನಮ್ಮ ತೋಟದಲ್ಲಿ ಐದೂವರೆಗೆ ಯಾರು ನಡೆಯುತ್ತಾರೆಂದು
ಕೇಳಿರಲಿಲ್ಲ.
ಅರಣ್ಯ ಇಲಾಖೆಯ ಮೆಸೇಜು ಬರುತ್ತದೆ:
ಒಂಟಿ ಸಲಗ, ಕೆರೆ ಬದಿಯ ಹಲಸಿನ ಮರ.
ಹಾಗಾಗಿ ಕಣದಲ್ಲೇ ಸುತ್ತು.
ಕಾಫಿ ಹರವಿದ್ದರೆ ಅಂಚಿನಲ್ಲಿ,
ಮಳೆ ಹಿಡಿದರೆ ಗೋದಾಮಿನ ಮೂಟೆಗಳ ನಡುವೆ.
ಲೈನಿನ ಚೋಮಿ ಸೇರುತ್ತಾಳೆ, ರೇಷನ್ ಅಂಗಡಿ ಪಕ್ಕದ ಬೀಪಾತುವೂ.
ಮೂವರ ವಯಸ್ಸು ಕೂಡಿದರೆ ನೂರ ತೊಂಬತ್ತು.
ಚೋಮಿ ಹುಟ್ಟಿದ ವರ್ಷ ಯಾರೂ ಬರೆದಿಟ್ಟಿಲ್ಲವಾದ್ದರಿಂದ
ತನಗೆ ಬೇಕಾದಷ್ಟು ಕಳೆಯುತ್ತಾಳೆ.

"ಸೀನಿದರೆ ನಿನಗೂ ಹಾಗಾಗುತ್ತದಾ?"
ಬೀಪಾತು ಕೇಳಿದ್ದು ಇಲ್ಲೇ, ನಲವತ್ತನೆಯ ಸುತ್ತಿನಲ್ಲಿ.
ಮೂವತ್ತು ವರ್ಷದ ಸ್ನೇಹದಲ್ಲಿ ಇದೊಂದನ್ನು ಕೇಳಿರಲಿಲ್ಲ.
ನನಗೂ ಅಂದೆ.
ಚೋಮಿ ನಕ್ಕು ನಕ್ಕು
ಅವಳಿಗೂ ಆಗಿಯೇ ಹೋಯಿತು.
ನರ್ಸಮ್ಮ ಹೇಳಿಕೊಟ್ಟಂತೆ ಈಗ ಬಿಗಿಹಿಡಿದು ಬಿಡುತ್ತೇವೆ,
ಹತ್ತು ಸಲ, ಬಸ್ ಸ್ಟಾಂಡಿನಲ್ಲಿ, ಸಂಘದ ಮೀಟಿಂಗಿನಲ್ಲಿ,
ಸಾಲದ ಲೆಕ್ಕ ಕೇಳಿಸಿಕೊಳ್ಳುವ ಮುಖ ಹೊತ್ತು.

ಹಲ್ಲುಜ್ಜುವಾಗ ಒಂಟಿ ಕಾಲು.
ಕೊಕ್ಕರೆ ನಿಂತಿದೆ ಎನ್ನುತ್ತಾರೆ ಮನೆಯವರು.
ಕೊಕ್ಕರೆ ಜಾರಿ ಬಿದ್ದದ್ದನ್ನು ಯಾರಾದರೂ ನೋಡಿದ್ದೀರಾ?
ಕಡಂಬುಟ್ಟು ಆರರಿಂದ ಮೂರಕ್ಕೆ ಇಳಿದಿದೆ.
ಪಂದಿಯ ವಿಷಯ ಡಾಕ್ಟರು ಕೇಳಿಲ್ಲ, ನಾನು ಹೇಳಿಲ್ಲ.
ಕಕ್ಕಡ ಹದಿನೆಂಟರ ಮದ್ದುಸೊಪ್ಪಿನ ಪಾಯಸ ಮಾತ್ರ
ಯಾರು ಬೇಡವೆಂದರೂ ಎರಡು ಬಟ್ಟಲು;
ಮರುದಿನದ ಕೆಂಪು ಕಂಡು ಹೊಸ ಸೊಸೆ ಕಿರುಚಿದಳಲ್ಲ,
ಆ ನಗುವಿನಿಂದ ನನ್ನ ಬಿಪಿ ಒಂದು ವಾರ ಇಳಿದಿತ್ತು.

ತಿಂಗಳಿಗೊಮ್ಮೆ, ಬಚ್ಚಲ ಹಬೆಯಲ್ಲಿ,
ನನ್ನ ಮೂರು ಬೆರಳು ನನ್ನ ಎದೆಯ ಸುತ್ತ ನಡೆದು
ಎಲ್ಲ ಕ್ಷೇಮವೇ ಎಂದು ವಿಚಾರಿಸುತ್ತವೆ.
ಅವ್ವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಈ ಏಪ್ರಿಲಿನಲ್ಲಿ ಬೊಳ್ಳಮ್ಮನ ಮದುವೆ.
ಕೋಣೆಯ ಚಿಲಕ ಹಾಕಿದೆ.
ಹೂಮಳೆ ನಿಂತು ತೋಟವೆಲ್ಲ ಬಿಳಿ, ಕಿಟಕಿಯಲ್ಲಿ ಘಮ.
ಕೈ ಹೊರಟಿತು: ಸೊಂಟ, ಅಲ್ಲಿಂದ ಆಚೆ,
ನೋವಿತ್ತು, ಹೋಯಿತು.
ನೆರಿಗೆ ಒಂದು ದಪ್ಪ, ಒಂದು ಸಪೂರ,
ಕೊನೆಯದು ಅರ್ಧವೇ ಇರಬೇಕು.
ಚಿಲಕ ತೆಗೆದರೆ ಅದೇ ಹುಡುಗಿ, ತುಟಿಯಲ್ಲಿ ಅದೇ ಪಿನ್ನು.
"ಸರಿ ಮಾಡಲಾ ಆಂಟಿ?"

ಬೇಡ ಮಗಳೇ, ಇರಲಿ.
ನನಗಂತೂ ಕಾಣುವುದಿಲ್ಲ,
ಹಿಂದೆ ಬರುವವರು ನೋಡಿಕೊಳ್ಳಲಿ.

ಅಂಗಳದಲ್ಲಿ ವಾಲಗ ಶುರುವಾಗಿತ್ತು.
ಬಲಗೈಯೇ ಮೊದಲು ಎದ್ದಿತು.